ಬಸ್ಸೇರಿ ಬರುವ ಬುತ್ತಿ

ಬೆಳಗಿನ ಹೊತ್ತು ವಿಜಯಪುರದ ಬಸ್ ನಿಲ್ದಾಣದಲ್ಲಿ ಟಿಕೋಟಾ ಕಡೆಯ ಬಸ್ಸಿಗೆ ಕಾದು ನಿಂತವರೆಲ್ಲ ಪ್ರಯಾಣಿಕರಲ್ಲ. ಕೆಲವರ ಕೈಯಲ್ಲಿ ಚೀಲವಿರುವುದಿಲ್ಲ, ತಲೆ ಬಾಚಿರುವುದಿಲ್ಲ, ಕಾಲಲ್ಲಿ ರೂಮಿನ ಚಪ್ಪಲಿ. ಕಣ್ಣು ಮಾತ್ರ ಬಸ್ಸಿನ ಬೋರ್ಡಿನ ಮೇಲೆ. ಬಸ್ಸು ಬಂದು ನಿಲ್ಲುವುದೇ ತಡ, ಇಳಿಯುವವರ ನಡುವೆ ದಾರಿ ಮಾಡಿಕೊಂಡು ಹತ್ತಿ ಡ್ರೈವರನ ಸೀಟಿನ ಹಿಂದೆ ಬಗ್ಗಿ ಹುಡುಕುತ್ತಾರೆ. ಅಲ್ಲಿ ಧೋತರದ ತುಂಡಿನಲ್ಲಿ ಕಟ್ಟಿದ ಗಂಟುಗಳು, ಸ್ಟೀಲಿನ ಡಬ್ಬಿಗಳು, ರಸಗೊಬ್ಬರದ ಚೀಲ ಕತ್ತರಿಸಿ ಹೊಲಿದ ಕೈಚೀಲಗಳು. ಒಂದೊಂದಕ್ಕೂ ಹೆಸರಿನ ಚೀಟಿ. ಚೀಟಿ ಇಲ್ಲದಿದ್ದರೂ ತೊಂದರೆಯಿಲ್ಲ. ತನ್ನ ಅವ್ವನ ಹಳೆಯ ಸೀರೆಯ ಅಂಚು ಯಾವುದೆಂದು ಹುಡುಗನಿಗೆ ಗೊತ್ತಿರುತ್ತದೆ.

ಇದು ಬುತ್ತಿ. ಹಳ್ಳಿಯಲ್ಲಿ ಕಟ್ಟಿ, ಬಸ್ಸಿಗೆ ಹಾಕಿ, ಪಟ್ಟಣದಲ್ಲಿ ಓದುವ ಮಕ್ಕಳಿಗೆ ಮುಟ್ಟಿಸುವ ಊಟ. ಉತ್ತರ ಕರ್ನಾಟಕದ ಊರೂರಲ್ಲಿ ಈ ಪದ್ಧತಿ ನಡೆದು ಬಂದಿದೆ. ಟಿಕೋಟಾ, ಬಬಲೇಶ್ವರಗಳು ವಿಜಯಪುರದಿಂದ 20–25 ಕಿಲೋಮೀಟರ್ ದೂರದ ಊರುಗಳು. ಒಂದು ಅಥಣಿ ರಸ್ತೆಯಲ್ಲಿ, ಇನ್ನೊಂದು ಜಮಖಂಡಿ ರಸ್ತೆಯಲ್ಲಿ. 2018ರಿಂದ ಎರಡೂ ತಾಲ್ಲೂಕು ಕೇಂದ್ರಗಳು. ಆದರೂ ಪಿಯುಸಿ ಮುಗಿದ ಮೇಲಿನ ಓದಿಗೆ, ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿಗೆ ಮಕ್ಕಳು ಬರುವುದು ವಿಜಯಪುರಕ್ಕೇ. ಊರು ರಸ್ತೆಯ ಮೇಲೇ ಇದ್ದವರು ದಿನಾ ಹೋಗಿ ಬರುತ್ತಾರೆ. ಕನಮಡಿ, ಬಾಬಾನಗರ, ಮಮದಾಪುರ, ಕಾಖಂಡಕಿಯಂಥ ಊರುಗಳ ಮಕ್ಕಳಿಗೆ ಬೆಳಗಿನ ಕ್ಲಾಸಿಗೆ ಮುಟ್ಟುವುದು ಕಷ್ಟ. ಅವರು ನಾಲ್ಕೈದು ಜನ ಸೇರಿ ಒಂದು ಖೋಲಿ ಹಿಡಿಯುತ್ತಾರೆ, ಇಲ್ಲವೇ ಹಾಸ್ಟೆಲ್ ಸೇರುತ್ತಾರೆ. ಜಾಗ ಸಿಕ್ಕಿತು, ಪುಸ್ತಕ ಬಂತು, ಫೀ ಕಟ್ಟಿಯಾಯಿತು. ಊಟದ ಪ್ರಶ್ನೆ ಏಳುವುದು ಆಮೇಲೆ, ಮೊದಲ ವಾರದ ರಾತ್ರಿಗಳಲ್ಲಿ.

ಗಂಟು ಬಿಚ್ಚಿದರೆ ಮೇಲೆ ಮೆತ್ತನೆಯ ರೊಟ್ಟಿ ನಾಲ್ಕು, ಅವತ್ತಿಗೆ. ಕೆಳಗೆ ಕಟಕ ರೊಟ್ಟಿಯ ಒಟ್ಟಿಲು, ವಾರಕ್ಕೆ. ಬದಿಯ ಡಬ್ಬಿಗಳಲ್ಲಿ ಶೇಂಗಾ ಚಟ್ನಿ, ಅಗಸಿ ಹಿಂಡಿ, ಗುರೆಳ್ಳು ಪುಡಿ, ಒಂದು ಪುಟ್ಟ ಭರಣಿಯಲ್ಲಿ ಕೆಂಪು ಖಾರ. ಅವ್ವ ಆ ದಿನ ಬೇಗ ಎದ್ದಿದ್ದರೆ ಎಣ್ಣಿಗಾಯಿ ಬದನೆಕಾಯಿ, ಇಲ್ಲವೇ ಜುಣಕದ ವಡಿ. ಪಲ್ಲೆ ಮಧ್ಯಾಹ್ನದೊಳಗೆ ತೀರಬೇಕು. ಜುಣಕ ಸಂಜೆವರೆಗೆ ತಡೆಯುತ್ತದೆ. ಚಟ್ನಿ ಪುಡಿಗಳಿಗೆ ಕಾಲದ ಹಂಗಿಲ್ಲ. ಹೀಗೆ ಯಾವುದು ಎಷ್ಟು ಹೊತ್ತು ನಿಲ್ಲುತ್ತದೆ ಎಂಬ ಲೆಕ್ಕ ಹಾಕಿಯೇ ಗಂಟು ಕಟ್ಟಲಾಗಿರುತ್ತದೆ. ಇದನ್ನು ಯಾವ ಶಾಲೆಯಲ್ಲೂ ಕಲಿಸಿಲ್ಲ.

ಕಟಕ ರೊಟ್ಟಿಯೆಂದರೆ ಒಣಗಿಹೋದ ರೊಟ್ಟಿ ಎಂದು ಪಟ್ಟಣದವರು ತಿಳಿಯುವುದುಂಟು. ಹಾಗಲ್ಲ. ಅದನ್ನು ಬೇಕೆಂದೇ ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಒಲೆಯ ಬದಿಗೆ ಒರಗಿಸಿ ನೀರಿನ ಅಂಶ ಪೂರ್ತಿ ಹೋಗುವಂತೆ ಮಾಡಿರುತ್ತಾರೆ. ನೀರಿಲ್ಲದ ಕಡೆ ಬೂಸ್ಟು ಬೆಳೆಯದು. ತಿಂಗಳಾದರೂ ಕೆಡದು. ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನ ಅಂಟು ಇಲ್ಲ. ಅದಕ್ಕೇ ಕುದಿಯುವ ಎಸರು ಹಾಕಿ ನಾದುವುದು. ಬಿಸಿ ನೀರಿಗೆ ಹಿಟ್ಟಿನ ಪಿಷ್ಟ ಅರೆಬೆಂದು ಜಿಗಿ ಬರುತ್ತದೆ. ಬೀಸಿ ಬಹಳ ದಿನವಾದ ಹಿಟ್ಟಾದರೆ ಆ ಜಿಗಿ ಬಾರದು, ಬಡಿಯುವಾಗ ರೊಟ್ಟಿಯ ಅಂಚು ಹರಿಯುತ್ತದೆ. ಖೋಲಿಯಲ್ಲಿ ತಾವೇ ರೊಟ್ಟಿ ಮಾಡಿಕೊಳ್ಳುತ್ತೇವೆಂದು ಹೊರಟ ಹುಡುಗರು ಮೊದಲು ಸೋಲುವುದು ಇಲ್ಲಿಯೇ. ಒಂದು ತಿಂಗಳ ಹಿಟ್ಟು ಒಮ್ಮೆಗೇ ತಂದಿಟ್ಟು, ಕೈಯನ್ನು ದೂರುತ್ತಾರೆ.

ಜೋಳವೂ ಎಂಥದಾದರೂ ಆಗದು. ಈ ಸೀಮೆಯ ನಾಲಿಗೆಗೆ ಒಗ್ಗಿದ್ದು ಹಿಂಗಾರಿಯ ಬಿಳಿಜೋಳ, ಅದರಲ್ಲೂ ಮಾಲದಂಡಿ. 1930ರ ದಶಕದಲ್ಲಿ ಸೊಲ್ಲಾಪುರ ಸೀಮೆಯ ಮೋಹೋಳದಲ್ಲಿ ಆರಿಸಿ ತೆಗೆದ ‘ಎಂ 35–1’ ಎಂಬ ಮಾಲದಂಡಿ ತಳಿ ಅಂದಿನಿಂದ ಇಂದಿನವರೆಗೆ ರೈತರ ಕೈ ಬಿಟ್ಟಿಲ್ಲ. ಆಮೇಲೆ ಎಷ್ಟೋ ಹೊಸ ತಳಿಗಳು ಬಂದವು. ಹೆಚ್ಚು ಬೆಳೆದವು ಕೂಡ. ಆದರೆ ರೊಟ್ಟಿ ಬಡಿಯುವವರ ಒಪ್ಪಿಗೆ ಸಿಗುವುದು ಸುಲಭವಲ್ಲ. ಮುಂಗಾರಿ ಜೋಳದ ತೆನೆಗೆ ಮಳೆ ತಾಗಿ ಕಾಳು ಕಪ್ಪಾಗುತ್ತದೆ. ಹಿಂಗಾರಿಯದು ಕರಿಮಣ್ಣು ಹಿಡಿದಿಟ್ಟ ತೇವದಲ್ಲೇ ಚಳಿಗಾಲದ ಬಿಸಿಲು ಕುಡಿದು ಬಲಿಯುವುದರಿಂದ ಕಾಳು ಮುತ್ತಿನಂತೆ ಹೊಳೆಯುತ್ತದೆ. ಡೋಣಿ ಬೆಳೆದರೆ ಓಣೆಲ್ಲ ಜೋಳ ಎಂದು ಗಾದೆ. ಆ ಡೋಣಿಯ ಕರಿಮಣ್ಣಿನ ಬಯಲು ಬಬಲೇಶ್ವರ ತಾಲ್ಲೂಕಿನ ಸಾರವಾಡದ ಸುತ್ತ ಕಣ್ಣು ಹಾಯಿಸಿದಷ್ಟೂ ಹಬ್ಬಿದೆ.

ಬುತ್ತಿ ಬಾರದ ದಿನ ಖಾನಾವಳಿ. ವಿಜಯಪುರದ ಗಾಂಧಿ ಚೌಕ, ಸ್ಟೇಷನ್ ರಸ್ತೆ, ಬಸ್ ನಿಲ್ದಾಣದ ಸುತ್ತಮುತ್ತ ಇಂಥವು ಹಲವಿವೆ. ಬೋರ್ಡು ಸಣ್ಣದು, ಒಳಗೆ ಉದ್ದನೆಯ ಟೇಬಲ್, ಹಿಂದೆ ಹೊಗೆ ಹಿಡಿದ ಅಡಿಗೆಮನೆ. ಕುಳಿತವರ ತಾಟಿಗೆ ಮೊದಲು ಬರುವುದು ಹಸಿ ಉಳ್ಳಾಗಡ್ಡಿ, ಒಂದೆರಡು ಎಸಳು ಮೆಂತ್ಯಪಲ್ಲೆ, ಚಟ್ನಿ ಪುಡಿಯ ಮೇಲೆ ಎಣ್ಣೆ ಅಥವಾ ಮೊಸರು. ಆಮೇಲೆ ಒಂದು ಕಾಳುಪಲ್ಲೆ, ಒಂದು ಕಾಯಿಪಲ್ಲೆ, ಬಿಸಿ ರೊಟ್ಟಿ. ಕೊನೆಗೆ ಅನ್ನ, ಸಾರು, ಮಜ್ಜಿಗೆ. ಬಡಿಸುವವನು ಕೇಳದೆಯೇ ಇನ್ನೊಂದು ರೊಟ್ಟಿ ತಂದು ಹಾಕಿದರೆ ಆ ಖಾನಾವಳಿ ಚಲೋ ಎಂದು ತಿಳಿಯಬೇಕು.

ಮಗನನ್ನು ಖೋಲಿಗೆ ಬಿಡಲು ಬಂದ ತಂದೆ ತಿಂಗಳ ಕಾರ್ಡು ಮಾಡಿಸುವ ಮೊದಲು ಒಂದು ಹೊತ್ತು ಅಲ್ಲಿಯೇ ಉಂಡು ನೋಡುವುದು ಹಳೆಯ ರೂಢಿ. ಒಳ್ಳೆಯ ರೂಢಿ. ನೋಡಬೇಕಾದದ್ದು ಪಲ್ಲೆಯ ರುಚಿಯನ್ನಷ್ಟೇ ಅಲ್ಲ. ಕುಡಿಯುವ ನೀರು ಎಲ್ಲಿಂದ ಬರುತ್ತದೆ, ತಾಟು ತೊಳೆಯುವ ನೀರನ್ನು ಎಷ್ಟು ಹೊತ್ತಿಗೊಮ್ಮೆ ಬದಲಿಸುತ್ತಾರೆ, ರಾತ್ರಿ ಒಂಬತ್ತಕ್ಕೆ ಬಂದವನಿಗೆ ರೊಟ್ಟಿ ಉಳಿದಿರುತ್ತದೋ ಇಲ್ಲವೋ. ಕೊನೆಯದು ಎಲ್ಲಕ್ಕಿಂತ ಮುಖ್ಯ. ತರಬೇತಿ ಮುಗಿಸಿ ಬರುವ ಹುಡುಗನಿಗೆ ತಣ್ಣನ್ನವಷ್ಟೇ ಸಿಕ್ಕುವುದಾದರೆ ನಾಲ್ಕು ದಿನದಲ್ಲಿ ಅವನು ಅತ್ತ ಹೋಗುವುದನ್ನೇ ಬಿಡುತ್ತಾನೆ. ದುಡ್ಡು ಮಾತ್ರ ಹೋಗಿರುತ್ತದೆ.

ಓದುವ ಮಕ್ಕಳಿಗೆ ಊರು ಉಣಿಸುವುದು ಈ ನಾಡಿಗೆ ಹೊಸದಲ್ಲ. ಅಜ್ಜಂದಿರ ಕಾಲದಲ್ಲಿ ವಾರಾನ್ನ ಎಂದಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಏಳು ಮನೆ ಸಿಕ್ಕರೆ ವಿದ್ಯೆ ಸಿಕ್ಕಂತೆ, ಆರೇ ಸಿಕ್ಕರೆ ವಾರಕ್ಕೊಂದು ಉಪವಾಸ. ಮುಂದೆ ಮಠಗಳು ಉಚಿತ ಪ್ರಸಾದ ನಿಲಯಗಳನ್ನು ತೆರೆದವು. ಸರಕಾರಿ ವಿದ್ಯಾರ್ಥಿ ನಿಲಯಗಳು ಬಂದವು. ಫ.ಗು. ಹಳಕಟ್ಟಿಯವರು ವಚನಗಳಿಗಾಗಿ ಮನೆ ಮಾರಿದ ಕತೆ ಎಲ್ಲರ ಬಾಯಲ್ಲಿದೆ. 1910ರಲ್ಲಿ ಬಿಜಾಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯನ್ನು ಕಟ್ಟಿ ಹಳ್ಳಿಯ ಮಕ್ಕಳ ಕಲಿಕೆಗೆ ದಾರಿ ಮಾಡಿದವರಲ್ಲಿ ಅವರೂ ಮುಂದಾಳು. ಅಂಥ ಸಂಸ್ಥೆಗಳಿಗೆ ಓದಲು ಬಂದ ತಲೆಮಾರುಗಳ ಹೊಟ್ಟೆ ತುಂಬಿಸಿದ್ದು ವಾರಾನ್ನ, ಪ್ರಸಾದ, ಬುತ್ತಿ.

ಹುಡುಗಿಯರ ಮಾತು ಬೇರೆ. ಖಾನಾವಳಿಯ ಟೇಬಲ್ಲು ಬಹುಕಾಲ ಗಂಡಸರದ್ದು. ಲಾರಿ ಡ್ರೈವರ್, ಕೋರ್ಟು ಕಚೇರಿಗೆ ಬಂದವರು, ಸಂತೆಗೆ ಬಂದವರು ಸಾಲಾಗಿ ಕೂತಲ್ಲಿ ಒಬ್ಬ ಹುಡುಗಿ ಒಳಗೆ ಹೋಗಿ ‘ಒಂದು ಊಟ’ ಎನ್ನುವುದು ಹೇಳಿದಷ್ಟು ಸುಲಭವಿರಲಿಲ್ಲ. ಆದ್ದರಿಂದ ಹುಡುಗರಿಗಿಂತ ಹುಡುಗಿಯರಿಗೇ ಬುತ್ತಿ ಹೆಚ್ಚು ಬೇಕಾಗಿತ್ತು. ಊರ ಬಸ್ಸು ತಪ್ಪಿದರೆ ಅವಲಕ್ಕಿ, ಬಿಸ್ಕಿಟು, ನಿದ್ದೆ. ಅಥಣಿ ರಸ್ತೆಯಲ್ಲೇ, ಟಿಕೋಟಾಕ್ಕೆ ಹೋಗುವ ಹಾದಿಯ ತೊರವಿಯಲ್ಲಿ ಮಹಿಳಾ ವಿಶ್ವವಿದ್ಯಾಲಯದ ಆವರಣವಿದೆ. 2003ರಲ್ಲಿ ಆರಂಭವಾದ ಅದಕ್ಕೆ 2017ರಲ್ಲಿ ಅಕ್ಕಮಹಾದೇವಿಯ ಹೆಸರು ಬಂತು. ವಿಶ್ವವಿದ್ಯಾಲಯ ಬಂದ ಮೇಲೆ ದೂರದೂರದ ಹುಡುಗಿಯರು ಈ ಊರಿಗೆ ಬಂದರು. ಈಗ ಶಾಸ್ತ್ರಿ ಮಾರುಕಟ್ಟೆಯ ಕಡೆ ಸಂಜೆ ನಾಲ್ಕು ಜನ ಗೆಳತಿಯರು ನಿಂತು ಮಿರ್ಚಿ ತಿನ್ನುವುದನ್ನು ಯಾರೂ ತಿರುಗಿ ನೋಡುವುದಿಲ್ಲ. ಖಾನಾವಳಿಯ ಟೇಬಲ್ಲಿನಲ್ಲಿ ಮಾತ್ರ ಇಂದೂ ಅವರು ಕಡಿಮೆಯೇ.

ಮಿರ್ಚಿಯ ಮಾತು ಬಂತು. ಸಂಜೆಯಾದರೆ ವಿಜಯಪುರದ ಗಾಳಿಗೆ ಕಾದ ಎಣ್ಣೆಯ ವಾಸನೆ. ಉದ್ದ ಮೆಣಸಿನಕಾಯಿ ಕಡಲೆಹಿಟ್ಟಿನಲ್ಲಿ ಮುಳುಗಿ ಬಾಣಲೆಗೆ ಬೀಳುತ್ತದೆ. ಪಕ್ಕದಲ್ಲಿ ಚುರುಮುರಿ ಒಗ್ಗರಣೆ, ಪುಟಾಣಿ ಹಿಟ್ಟು ಉದುರಿಸಿದ ಸೂಸಲ, ಮೇಲೆ ಹಿಂಡಿದ ಲಿಂಬೆ. ಬೆಳಿಗ್ಗೆ ಇದೇ ಜಾಗಗಳಲ್ಲಿ ಉಪ್ಪಿಟ್ಟು, ಶಿರಾ, ಅವಲಕ್ಕಿ, ಇಡ್ಲಿ. ಸಂಕ್ರಾಂತಿಯಲ್ಲಿ ಸಿದ್ಧೇಶ್ವರ ಜಾತ್ರೆಗೆ ಊರು ತುಂಬಿದಾಗ ಮನೆಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಮಾದಲಿ, ಶೇಂಗಾ ಹೋಳಿಗೆ. ಮೊಹರಂ ಬಂದರೆ ಚೊಂಗೆ. ಅದನ್ನು ಮಾಡುವವರಲ್ಲಿ ಹಿಂದೂಗಳೂ ಇದ್ದಾರೆ. ರಂಜಾನ್ ಹಬ್ಬದ ದಿನ ಗೆಳೆಯನ ಮನೆಯಲ್ಲಿ ಸುರಕುಂಬಾ ಕುಡಿಯದ ಕಾಲೇಜು ಹುಡುಗ ಈ ಊರಲ್ಲಿ ಸಿಗಲಾರ. ಟಿಕೋಟಾ, ಬಬಲೇಶ್ವರದ ಮಗುವಿಗೆ ಪಟ್ಟಣವೆಂಬುದು ಪಾಠಕ್ಕಿಂತ ಮುಂಚೆ ಹೀಗೆ ನಾಲಿಗೆಯಿಂದ ಪರಿಚಯವಾಗುತ್ತದೆ.

ಈ ಊರ ಪೇಟೆ ಹಿಂದಿನಿಂದಲೂ ಬಂದವರನ್ನು ಬೆರಗುಗೊಳಿಸಿದ್ದೇ. ಅಕ್ಬರನ ದೂತನಾಗಿ 1604ರ ಸುಮಾರಿಗೆ ಆದಿಲಶಾಹಿ ದರ್ಬಾರಿಗೆ ಬಂದ ಅಸದ್ ಬೇಗ್ ಇಲ್ಲಿಯ ವಿಶಾಲವಾದ ಪೇಟೆಯನ್ನು, ಅಂಗಡಿಗಳ ಸಾಲನ್ನು ಮನಸಾರೆ ಬಣ್ಣಿಸಿದ್ದಾನೆ. ಹೋಗುವಾಗ ತಂಬಾಕನ್ನೂ ಕೊಂಡೊಯ್ದು ಅಕ್ಬರನಿಗೆ ತೋರಿಸಿದ. ಅದು ಬೇಡದ ಕೊಡುಗೆಯಾಯಿತು, ಬಿಡಿ. ಕಡಲಾಚೆಯಿಂದ ಬಂದದ್ದು ತಂಬಾಕು ಒಂದೇ ಅಲ್ಲ. ಬಿಜಾಪುರದವರಿಂದ 1510ರಲ್ಲಿ ಪೋರ್ಚುಗೀಸರು ಕಸಿದುಕೊಂಡ ಗೋವೆಯ ಬಂದರಿನ ದಾರಿಯಿಂದಲೇ ಮೆಣಸಿನಕಾಯಿ ಈ ಕಡೆಗೆ ಹಬ್ಬಿತು. ಶೇಂಗಾದ ಮೂಲವೂ ದಕ್ಷಿಣ ಅಮೆರಿಕವೇ. ಕೆಂಪು ಖಾರ, ಶೇಂಗಾ ಚಟ್ನಿ ಇಲ್ಲದ ಬುತ್ತಿಯನ್ನು ಇಂದು ಊಹಿಸಲಾಗದು. ಆದರೆ ಇಬ್ರಾಹಿಂ ರೋಜಾ ಕಟ್ಟಿದ ಕೆಲಸಗಾರರ ಮುತ್ತಜ್ಜನ ಮುತ್ತಜ್ಜ ರೊಟ್ಟಿಗೆ ಅವೆರಡನ್ನೂ ಹಚ್ಚಿಕೊಂಡಿರಲಾರ.

ಮಿರ್ಚಿ, ಚುರುಮುರಿ ರುಚಿಗೆ ಸರಿ. ಕೆಲವು ಮಕ್ಕಳಿಗೆ ಅದೇ ಊಟವಾಗುವುದು ತೊಡಕಿನ ಸಂಗತಿ. ಮನೆಯಿಂದ ಬಂದ ದುಡ್ಡು ತಿಂಗಳ ಇಪ್ಪತ್ತಕ್ಕೆ ತೀರುತ್ತದೆ. ಕೇಳಲು ನಾಚಿಕೆ. ಬೆಳಿಗ್ಗೆ ಚಹಾ, ಮಧ್ಯಾಹ್ನ ಚಹಾದ ಜೊತೆ ಎರಡು ಮಿರ್ಚಿ, ರಾತ್ರಿ ಗೆಳೆಯನ ಡಬ್ಬಿಯಲ್ಲಿ ಪಾಲು. ಫೋನಿನಲ್ಲಿ ಅವ್ವ ‘ಉಂಡ್ಯಾ?’ ಎಂದರೆ ಒಂದೇ ಉತ್ತರ, ‘ಹ್ಞೂಂ, ಉಂಡೆ.’ ಆ ‘ಹ್ಞೂಂ’ ನಿಜವೋ ಸುಳ್ಳೋ ತಿಳಿಯಲು ತಾಯಂದಿರಿಗೆ ಒಂದು ಉಪಾಯವಿದೆ. ಏನು ಪಲ್ಲೆ ಇತ್ತು ಎಂದು ಕೇಳುತ್ತಾರೆ. ಉತ್ತರಕ್ಕೆ ತಡವಾದರೆ ಮರುದಿನ ಬಸ್ಸಿನಲ್ಲಿ ಗಂಟು ಬರುತ್ತದೆ.

ಗಂಟಿನೊಳಗಿನದು ಪ್ರೀತಿ ಮಾತ್ರವಲ್ಲ ಎಂಬುದಕ್ಕೆ ಲೆಕ್ಕವೂ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್, 10 ಗ್ರಾಂ ನಾರು, 4 ಮಿಲಿಗ್ರಾಂ ಕಬ್ಬಿಣವಿದೆ. ಅಷ್ಟೇ ಬಿಳಿ ಅಕ್ಕಿಯಲ್ಲಿ ಪ್ರೋಟೀನ್ 8 ಗ್ರಾಂ, ನಾರು 3 ಗ್ರಾಂ, ಕಬ್ಬಿಣ ಒಂದು ಮಿಲಿಗ್ರಾಮೂ ಇಲ್ಲ. ಜೋಳದ ಜೊತೆ ಶೇಂಗಾ, ಕಾಳುಪಲ್ಲೆ ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಜೋಳದ ಕಬ್ಬಿಣ ಮೈಗೆ ಹತ್ತಬೇಕಾದರೆ ಮೇಲೊಂದಿಷ್ಟು ಲಿಂಬೆರಸ ಬೇಕು. ಇದೇ ಜಿಲ್ಲೆಯ ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ, ಹುಡುಕುತ್ತ ಹೋಗಬೇಕಿಲ್ಲ. ಊಟವಾದ ಕೂಡಲೇ ಖಡಕ್ ಚಹಾ ಕುಡಿದರೆ ಮಾತ್ರ ಆ ಕಬ್ಬಿಣದಲ್ಲಿ ಬಹುಪಾಲು ಮೈಗೆ ಸೇರದೆ ಹೋಗುತ್ತದೆ. ಒಂದು ತಾಸು ತಡೆದರೆ ಆಯಿತು. ರಕ್ತಹೀನತೆಯಿಂದ ತಲೆ ಸುತ್ತುವ ಹುಡುಗಿಯರು ಓದಿನ ಆಯಾಸವೆಂದುಕೊಂಡು ಚಹಾದ ಮೇಲೆ ಚಹಾ ಕುಡಿಯುವುದನ್ನು ಕಂಡವರಿಗೆ ಈ ಮಾತಿನ ತೂಕ ಗೊತ್ತಾಗುತ್ತದೆ.

ಆದರೆ ಬುತ್ತಿಯ ಗಂಟು ಈಗೀಗ ಸಣ್ಣದಾಗುತ್ತಿದೆ. ಕಾರಣ ಹೊಲದಲ್ಲೇ ಇದೆ. ಜೋಳ ಬಿತ್ತುತ್ತಿದ್ದ ಕಡೆ ಹಲವರು ತೊಗರಿ ಹಾಕುತ್ತಾರೆ. ನೀರು ಬಂದಲ್ಲಿ ಕಬ್ಬು. ಟಿಕೋಟಾದ ಸುತ್ತ ದ್ರಾಕ್ಷಿ. ಜೋಳ ಕೊಯ್ಯಲು ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಗಿಟ್ಟುವುದಿಲ್ಲ. ಮನೆಗೆಂದು ಒಂದೆರಡು ಎಕರೆ ಬಿತ್ತುವವರು ಇದ್ದಾರೆ, ಮಾರಲೆಂದು ಬಿತ್ತುವವರು ಕಡಿಮೆಯಾಗುತ್ತಿದ್ದಾರೆ. ರೊಟ್ಟಿ ಬಡಿಯುವ ಕೈಗಳೂ ಹಾಗೆಯೇ. ಮೂವತ್ತು ರೊಟ್ಟಿ ಬಡಿಯುವುದೆಂದರೆ ಒಲೆಯ ಮುಂದೆ ಎರಡು ತಾಸು. ಆ ಕೆಲಸ ಮಗಳಿಗೆ ಬೇಡವೆಂದೇ ಅವಳನ್ನು ಓದಲು ಕಳಿಸಿದ ತಾಯಿ, ಅದೇ ಮಗಳಿಗಾಗಿ ರೊಟ್ಟಿ ಬಡಿಯುತ್ತ ಕೂತಿರುತ್ತಾಳೆ. ವಿಜಯಪುರದಲ್ಲಿ ಈಗ ಕಟಕ ರೊಟ್ಟಿ ಅಂಗಡಿಯಲ್ಲೇ ಸಿಗುತ್ತದೆ. ಮನೆಯಲ್ಲಿ ಬಡಿದು ಲೆಕ್ಕದಿಂದ ಮಾರುವ ಹೆಂಗಸರಿದ್ದಾರೆ, ಸ್ವಸಹಾಯ ಸಂಘಗಳಿವೆ. ಒಬ್ಬರ ಕಷ್ಟ ಇನ್ನೊಬ್ಬರ ದುಡಿಮೆಯಾಯಿತು ಎನ್ನಬಹುದು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಜೋಳಕ್ಕೂ ದೊಡ್ಡ ಊರುಗಳಲ್ಲಿ ಮರ್ಯಾದೆ ಬಂತು. ತಾಟಿನಲ್ಲಿ ರೊಟ್ಟಿ ಕಂಡು ಗೆಳೆಯರು ನಗುತ್ತಾರೆಂದು ಡಬ್ಬಿ ಮುಚ್ಚಿಡುತ್ತಿದ್ದ ಹುಡುಗ ಅದೇ ರೊಟ್ಟಿಯನ್ನು ಬೆಂಗಳೂರಿನಲ್ಲಿ ಹೆಚ್ಚು ಬೆಲೆಗೆ ಮಾರುವುದನ್ನು ಕಂಡು ಏನೆಂದುಕೊಂಡನೋ.

ದ್ರಾಕ್ಷಿಯೂ ಬುತ್ತಿಗೆ ತನ್ನ ಪಾಲು ಕೊಡುತ್ತದೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಟಿಕೋಟಾದ ಆಚೀಚೆ ಹಸಿರು ಜಾಲರಿಯ ಶೆಡ್ಡುಗಳಲ್ಲಿ ದ್ರಾಕ್ಷಿ ಒಣಗುತ್ತಿರುತ್ತದೆ. ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಂದು ಕಿಲೋದಷ್ಟು ಒಣದ್ರಾಕ್ಷಿಯಾಗಲು ಎರಡು ವಾರ ಬೇಕು. ಪರೀಕ್ಷೆಗಳೂ ಆಗಲೇ. ರಾತ್ರಿ ಓದುವ ಮಕ್ಕಳಿಗೆಂದು ಗಂಟಿನ ಮೂಲೆಯಲ್ಲಿ ಒಂದು ಪೊಟ್ಟಣ ಮನುಕ ಸೇರಿರುತ್ತದೆ. ಅದಕ್ಕೂ ಮೊದಲು, ಚಳಿಗಾಲದಲ್ಲಿ, ಸೀತನಿ. ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಶೇಂಗಾ ಚಟ್ನಿಯ ಜೊತೆ ಹೊಲದಲ್ಲೇ ತಿನ್ನುವ ತಿನಿಸು ಅದು. ಅದನ್ನು ಬಸ್ಸಿನಲ್ಲಿ ಕಳಿಸಲು ಬಾರದು. ಆರಿದರೆ ಬಿರುಸಾಗುತ್ತದೆ. ಸೀತನಿ ಬೇಕಾದರೆ, ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಉಣ್ಣಬೇಕಾದರೆ, ಮಗು ಊರಿಗೇ ಬರಬೇಕು. ತಾಯಂದಿರಿಗೆ ಇದು ಚೆನ್ನಾಗಿ ಗೊತ್ತು. ‘ತೆನಿ ಹಾಲು ತುಂಬ್ಯಾವ’ ಎಂದು ಫೋನಿನಲ್ಲಿ ಹೇಳಿದರೆ ಸಾಕು, ಶನಿವಾರದ ಬಸ್ಸಿನಲ್ಲಿ ಮಗ ಇಳಿಯುತ್ತಾನೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲವಾದ ಮೇಲೆ ಬುತ್ತಿಯ ದಾರಿ ಸ್ವಲ್ಪ ಬದಲಾಗಿದೆ. ಗಂಟನ್ನು ಡ್ರೈವರನ ಹಿಂದೆ ಇಟ್ಟು ಮರಳುತ್ತಿದ್ದ ತಾಯಂದಿರಲ್ಲಿ ಕೆಲವರು ಈಗ ತಾವೇ ಹತ್ತಿ ಕೂರುತ್ತಾರೆ. ಕಲ್ಯಾಣ ಕರ್ನಾಟಕ ಸಾರಿಗೆಯ ಆ ಬಸ್ಸುಗಳಲ್ಲಿ ಬೆಳಿಗ್ಗೆ ಮಡಿಲಲ್ಲಿ ಡಬ್ಬಿ ಹಿಡಿದ ಹೆಂಗಸರನ್ನು ಕಾಣಬಹುದು. ಬಂದವರು ಖೋಲಿ ನೋಡುತ್ತಾರೆ. ಮೂಲೆಯಲ್ಲಿ ಗುಡ್ಡೆಯಾದ ಅರಿವೆ, ಬೂಸ್ಟು ಹಿಡಿದ ಹೋದ ವಾರದ ಪಲ್ಲೆ ಡಬ್ಬಿ, ಮುಟ್ಟದೆ ಉಳಿದ ರೊಟ್ಟಿ, ಇಲ್ಲವೇ ಚೂರೂ ಉಳಿಯದ ಡಬ್ಬಿ. ಎರಡರಿಂದಲೂ ಅವರಿಗೆ ತಿಳಿಯಬೇಕಾದದ್ದು ತಿಳಿಯುತ್ತದೆ. ಮಗ ಫೋನಿನಲ್ಲಿ ಹೇಳದ ಸಂಗತಿಗಳನ್ನು ಡಬ್ಬಿ ಹೇಳಿಬಿಡುತ್ತದೆ. ಜೊತೆಯ ಹುಡುಗರಿಗೂ ಅಂದು ಹಬ್ಬ. ನಾಲ್ಕು ಊರಿನ ಚಟ್ನಿಗಳು ಒಂದೇ ಪೇಪರಿನ ಮೇಲೆ ಸೇರುತ್ತವೆ. ಯಾರ ಅವ್ವನ ಅಗಸಿ ಹಿಂಡಿ ಹೆಚ್ಚು ಎಂಬ ಜಗಳ ಸೆಮಿಸ್ಟರ್ ಮುಗಿದರೂ ಮುಗಿಯುವುದಿಲ್ಲ.

ಸಂಜೆಯ ಬಸ್ಸಿಗೆ ಡಬ್ಬಿಗಳು ಹಿಂದಕ್ಕೆ. ತೊಳೆದಿರಬೇಕೆಂದು ನಿಯಮ, ಅರ್ಧ ಹುಡುಗರು ತೊಳೆದಿರುವುದಿಲ್ಲ. ಆದರೆ ಬೇರೆಯವರ ಪಾತ್ರೆಯನ್ನು ಬರಿದಾಗಿ ಮರಳಿಸಬಾರದೆಂಬ ಊರ ರೀತಿಯನ್ನು ಕೆಲವರು ಮರೆತಿಲ್ಲ. ಖಾಲಿ ಡಬ್ಬಿಯಲ್ಲಿ ಒಂದು ಚಿಟಿಕೆ ಸಕ್ಕರೆ, ದುಡ್ಡಿದ್ದ ದಿನ ತಮ್ಮನಿಗೆಂದು ಶಾಸ್ತ್ರಿ ಮಾರುಕಟ್ಟೆಯಿಂದ ಕೊಂಡ ನಾಲ್ಕು ಪೇಡೆ. ಕಂಡಕ್ಟರ್ ಸೀಟಿ ಊದುವ ಮೊದಲು ಹುಡುಗ ಓಡಿ ಬಂದು ಕಿಟಕಿಯಿಂದ ಡಬ್ಬಿ ಕೊಟ್ಟು, ಟಿಕೋಟಾ ಸ್ಟ್ಯಾಂಡಿನಲ್ಲಿ ಅಪ್ಪ ನಿಂತಿರುತ್ತಾನೆ, ಕೊಡ್ರಿ ಎನ್ನುತ್ತಾನೆ.